ಅಸಂಗತ ಹಾಸ್ಯದ ಕಿರುಚಿತ್ರ: ಕಡಿಮೆ ಖರ್ಚಿನಲ್ಲಿ, ಪೂರ್ತಿ ಶ್ರದ್ಧೆಯಿಂದ

ತಲೆಗೆ ರಟ್ಟಿನ ಪೆಟ್ಟಿಗೆ ಹಾಕಿಕೊಂಡ ವಿದ್ಯಾರ್ಥಿಯೊಬ್ಬ ತಾನು ಬೇರೊಂದು ಗ್ರಹದಿಂದ ಬಂದ ರಾಯಭಾರಿ ಎಂದು ಹೇಳುತ್ತಾನೆ. ಮೇಜಿನ ಆಚೆ ಕುಳಿತ ಗುಮಾಸ್ತ ತಲೆಯನ್ನೂ ಎತ್ತದೆ, ಅರ್ಜಿಯ ಜೊತೆ ಎರಡು ಭಾವಚಿತ್ರಗಳನ್ನು ಲಗತ್ತಿಸಿದ್ದೀರಾ ಎಂದು ಕೇಳುತ್ತಾನೆ. ಪೆಟ್ಟಿಗೆಗೆ ಸುತ್ತಿದ ಟೇಪು ಕಾಣುತ್ತಿದೆ, ಗುಮಾಸ್ತನ ಮೀಸೆ ಅಂಟಿಸಿದ್ದೆಂದು ಗೊತ್ತಾಗುತ್ತಿದೆ, ಹಿಂದಿನ ಗೋಡೆ ಯಾವುದೋ ತರಗತಿಯದ್ದು. ಆದರೂ ನಾವು ಮನಸಾರೆ ನಗುತ್ತೇವೆ, ಆ ನಗೆಯಲ್ಲಿ ತಿರಸ್ಕಾರವಿರುವುದಿಲ್ಲ. ವಿದ್ಯಾರ್ಥಿಗಳು ಕೈಯಲ್ಲಿರುವಷ್ಟು ಹಣದಲ್ಲಿ ತಯಾರಿಸುವ ತಲೆಬುಡವಿಲ್ಲದ ಹಾಸ್ಯಚಿತ್ರಗಳ ಸೊಗಸು ಇರುವುದೇ ಇಲ್ಲಿ. ಕಲ್ಪನೆ ದೊಡ್ಡದು, ಸಾಧನ ಚಿಕ್ಕದು. ಎರಡರ ನಡುವಿನ ಅಂತರ ನೋಡುವವರೆಲ್ಲರಿಗೂ ಕಾಣುತ್ತದೆ, ತೆರೆಯ ಮೇಲಿರುವವರಲ್ಲಿ ಒಬ್ಬರಿಗೂ ಕಾಣುವುದಿಲ್ಲ.

ಈ ಸೊಗಸು ಆಕಸ್ಮಿಕವಾಗಿ ಬರುತ್ತದೆಂದು ಹಲವರು ನಂಬುತ್ತಾರೆ. ಕೆಲವೊಮ್ಮೆ ಹಾಗೆ ಬರುವುದೂ ಉಂಟು. ಆದರೆ ನೆನಪಿನಲ್ಲಿ ಉಳಿಯುವ ಚಿತ್ರಗಳನ್ನು ಗಮನವಿಟ್ಟು ನೋಡಿದರೆ, ಅವುಗಳ ಹಿಂದೆ ಬಹಳ ಎಚ್ಚರದ ಕೆಲಸ ಇರುವುದು ತಿಳಿಯುತ್ತದೆ. ಹಾಗಾಗಿ ಮೊದಲ ಕಿರುಚಿತ್ರಕ್ಕೆ ಕೈಹಾಕುವ ವಿದ್ಯಾರ್ಥಿಗಳಿಗೆ ಹೇಳಬೇಕಾದ ಮುಖ್ಯವಾದ ಮಾತು ಒಂದೇ: ಕಥೆ ಎಷ್ಟು ಅಸಂಗತವಾಗಿದೆಯೋ, ಅದನ್ನು ನಿರ್ವಹಿಸುವ ರೀತಿ ಅಷ್ಟೇ ಗಂಭೀರವಾಗಿರಲಿ. ಕೆಳಗಿನ ಸಲಹೆಗಳೆಲ್ಲ ಈ ಒಂದು ಮಾತಿನಿಂದ ಹುಟ್ಟಿದವು.

ಒಂದೇ ಒಂದು ಅಸಾಧ್ಯ

ಏನು ಬೇಕಾದರೂ ನಡೆಯಬಹುದಾದ ಲೋಕದಲ್ಲಿ ಯಾವುದೂ ಅಚ್ಚರಿ ಎನಿಸುವುದಿಲ್ಲ. ಮೊದಲ ನಿಮಿಷದಲ್ಲಿ ಮಾತಾಡುವ ಬೆಕ್ಕು, ಎರಡನೆಯದರಲ್ಲಿ ಕಾಲಯಂತ್ರ, ಮೂರನೆಯದರಲ್ಲಿ ಮಾಯವಾಗುವ ಪ್ರಾಂಶುಪಾಲರು ಬಂದರೆ, ನಾಲ್ಕನೆಯ ನಿಮಿಷದ ಹೊತ್ತಿಗೆ ಪ್ರೇಕ್ಷಕರು ಊಹಿಸುವುದನ್ನೇ ಬಿಟ್ಟುಬಿಡುತ್ತಾರೆ. ಊಹೆ ನಿಂತರೆ ನಗೆಯೂ ನಿಲ್ಲುತ್ತದೆ. ಆದ್ದರಿಂದ ಒಂದು ಅಸಾಧ್ಯವಾದ ಸಂಗತಿಯನ್ನು ಮಾತ್ರ ಆರಿಸಿಕೊಳ್ಳಿ, ಉಳಿದದ್ದೆಲ್ಲ ನಾವು ನಿತ್ಯ ನೋಡುವ ಪ್ರಪಂಚದ ನಿಯಮಗಳಂತೆಯೇ ನಡೆಯಲಿ.

ಉದಾಹರಣೆಗೆ, ಕಾಲೇಜಿನ ಕಚೇರಿಯ ಒಂದು ಹಳೆಯ ಮರದ ಕುರ್ಚಿ ರಾಜೀನಾಮೆ ಕೊಟ್ಟಿದೆ ಎಂದಿಟ್ಟುಕೊಳ್ಳೋಣ. ಇಷ್ಟೇ ಅಸಾಧ್ಯ. ಕುರ್ಚಿ ಮಾತಾಡುವುದಿಲ್ಲ, ತಾನಾಗಿ ಅಲುಗಾಡುವುದಿಲ್ಲ, ಅದಕ್ಕೆ ಕಣ್ಣು ಬಾಯಿ ಬರೆಯುವುದೂ ಇಲ್ಲ. ಸುತ್ತಲಿನ ಮನುಷ್ಯರು ಮಾತ್ರ ಅದನ್ನು ಮೂವತ್ತು ವರ್ಷ ದುಡಿದ ಹಿರಿಯ ಸಹೋದ್ಯೋಗಿಯಂತೆ ನಡೆಸಿಕೊಳ್ಳುತ್ತಾರೆ. ಇನ್ನು ಕಥೆ ತಾನಾಗಿಯೇ ಬೆಳೆಯುತ್ತದೆ. ಕಚೇರಿಯ ಮುಖ್ಯಸ್ಥರು ಅದನ್ನು ಕರೆಸಿ ಸಮಾಧಾನ ಹೇಳುತ್ತಾರೆ; ಅದು ಮಣಿಯುವುದಿಲ್ಲವಾಗಿ ವಿಚಾರಣಾ ಸಮಿತಿ ನೇಮಕವಾಗುತ್ತದೆ; ಸಮಿತಿಯ ವರದಿ ಬರುವವರೆಗೆ ವರಾಂಡದ ಬೆಂಚಿಗೆ ಪ್ರಭಾರ ವಹಿಸಲಾಗುತ್ತದೆ; ಇದನ್ನು ಕಂಡು ಉಳಿದ ಕುರ್ಚಿಗಳಲ್ಲಿ ಅಸಮಾಧಾನ ಮೂಡಿದೆಯೆಂಬ ಸುದ್ದಿ ಹರಡುವುದರಿಂದ ಸಿಬ್ಬಂದಿಯೆಲ್ಲ ನಿಂತೇ ಕೆಲಸ ಮಾಡತೊಡಗುತ್ತಾರೆ. ಪ್ರತಿಯೊಂದು ದೃಶ್ಯವೂ ಹಿಂದಿನ ದೃಶ್ಯದ ಫಲವಾಗಿ ಬಂದಿರುವುದನ್ನು ಗಮನಿಸಿ. ಎರಡು ದೃಶ್ಯಗಳ ನಡುವೆ ‘ಹಾಗಾಗಿ’ ಎಂಬ ಮಾತನ್ನು ಇಡಲು ಬಂದರೆ ಕಥೆ ಮುಂದೆ ಸಾಗುತ್ತಿದೆ. ‘ಆಮೇಲೆ’ ಎಂದಷ್ಟೇ ಹೇಳಲು ಬಂದರೆ ಅದು ಅಲ್ಲಲ್ಲೇ ಗಿರಕಿ ಹೊಡೆಯುತ್ತಿದೆ.

ರಾಜೀನಾಮೆ, ಪ್ರಭಾರ, ಬಾಕಿ ರಜೆ, ಬೀಳ್ಕೊಡುಗೆ ಮುಂತಾದ ಕಚೇರಿಯ ಮಾತುಗಳು ಇಲ್ಲಿ ಎಷ್ಟು ಕೆಲಸ ಮಾಡುತ್ತವೆ ನೋಡಿ. ಹಾಸ್ಯದ ಸಂಭಾಷಣೆ ಬರೆಯಬೇಕೆಂದು ಹೊರಟವರು ಚಮತ್ಕಾರದ ಸಾಲುಗಳನ್ನು ಹುಡುಕುತ್ತಾರೆ. ಅವು ಬೇಡ. ಒಬ್ಬ ಅಧಿಕಾರಿ ನಿಜವಾದ ನೌಕರನಿಗೆ ಏನು ಹೇಳುತ್ತಿದ್ದನೋ ಅದನ್ನೇ, ಅದೇ ಧಾಟಿಯಲ್ಲಿ ಕುರ್ಚಿಗೆ ಹೇಳಿಸಿದರೆ ಸಾಕು. ‘ನಿಮ್ಮ ಬೆನ್ನುನೋವಿನ ವಿಷಯ ನಮಗೂ ಗೊತ್ತಿದೆ’ ಎಂಬ ಸಾಮಾನ್ಯ ವಾಕ್ಯವನ್ನು ಒಡೆದ ಬೆನ್ನಿನ ಕುರ್ಚಿಯ ಮುಂದೆ ನಿಜವಾದ ಕಾಳಜಿಯಿಂದ ಹೇಳಿದಾಗ ಬರುವ ನಗೆ, ಯಾವ ಚಾಟೂಕ್ತಿಯಿಂದಲೂ ಬಾರದು.

ಚಿತ್ರಕಥೆ ಐದಾರು ಪುಟಗಳನ್ನು ದಾಟದಿರಲಿ. ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎಂಬುದು ಚಿತ್ರಕಥೆಯ ರೂಢಿಯ ಲೆಕ್ಕ; ಮೌನಗಳೂ ಸೇರಿ ಇಂಥ ಕಥೆಗೆ ಐದರಿಂದ ಎಂಟು ನಿಮಿಷ ತಕ್ಕ ಅವಧಿ. ಕೊನೆಯ ದೃಶ್ಯವನ್ನು ಮಾತ್ರ ಮೊದಲೇ ನಿರ್ಧರಿಸಿಕೊಳ್ಳಿ, ಏಕೆಂದರೆ ಇಂಥ ಹೆಚ್ಚಿನ ಚಿತ್ರಗಳು ಸೋಲುವುದು ಅಂತ್ಯದಲ್ಲೇ. ಎಲ್ಲವೂ ಕನಸಾಗಿತ್ತು ಎಂದೋ, ಎಲ್ಲರೂ ಕ್ಯಾಮೆರಾದ ಕಡೆ ತಿರುಗಿ ನಕ್ಕರು ಎಂದೋ ಮುಗಿಸಿದರೆ ಅಲ್ಲಿಯವರೆಗೆ ಕಟ್ಟಿದ ನಂಬಿಕೆಯೆಲ್ಲ ಕುಸಿಯುತ್ತದೆ. ಕುರ್ಚಿಯ ಕಥೆಯಲ್ಲಾದರೆ ಬೀಳ್ಕೊಡುಗೆ ಸಮಾರಂಭ ನಡೆಯಲಿ. ಭಾಷಣ ಮಾಡಲು ಬಂದ ವೃದ್ಧ ಅತಿಥಿಗಳು ದಣಿದು, ಕುಳಿತುಕೊಳ್ಳಲು ಸುತ್ತಲೂ ಜಾಗ ಹುಡುಕಲಿ. ಸಭೆಯ ಎಲ್ಲರ ಕಣ್ಣೂ ಒಮ್ಮೆಗೇ ಹಾರ ಹಾಕಿದ ಆ ಕುರ್ಚಿಯತ್ತ ತಿರುಗಲಿ. ಅಲ್ಲಿಗೆ ಮುಗಿಸಬಹುದು. ಕಥೆ ಮೊದಲು ಒಪ್ಪಿಕೊಂಡ ನಿಯಮವೇ ಅದನ್ನು ಮುಗಿಸಬೇಕು.

ಇರುವುದನ್ನು ನೋಡಿ ಬರೆಯುವುದು

ಕಥೆ ಬರೆದು ಆಮೇಲೆ ಸಾಮಾನು ಹುಡುಕುವುದು ಹಣವಿದ್ದವರ ಪದ್ಧತಿ. ಹಣವಿಲ್ಲದವರು ಮೊದಲು ಇರುವುದನ್ನೆಲ್ಲ ಪಟ್ಟಿ ಮಾಡಬೇಕು: ಯಾರ ಬಳಿ ಒಳ್ಳೆಯ ಫೋನಿದೆ, ಯಾವ ಕೋಣೆ ಭಾನುವಾರ ಖಾಲಿ ಇರುತ್ತದೆ, ಯಾರ ಮನೆಯಲ್ಲಿ ಅಜ್ಜನ ಕೋಟು ಇದೆ, ಯಾರಿಗೆ ಶಿಳ್ಳೆ ಹಾಕಲು ಬರುತ್ತದೆ. ಆ ಪಟ್ಟಿಯಲ್ಲಿರುವ ಅತ್ಯಂತ ವಿಚಿತ್ರ ವಸ್ತುವಿನಿಂದಲೇ ಕಥೆ ಹುಟ್ಟಿದರೆ ಇನ್ನೂ ಒಳ್ಳೆಯದು.

ಇಲ್ಲದ ವಸ್ತುವಿನ ಬದಲಿಗೆ ಇನ್ನೊಂದನ್ನು ತಂದಾಗ ಅದನ್ನು ಅಡಗಿಸಬಾರದು. ಅದಕ್ಕೆ ಕೆಲಸ ಕೊಡಬೇಕು. ಇದಕ್ಕೆ ಅತ್ಯುತ್ತಮ ಪಾಠ ಬ್ರಿಟನ್ನಿನ ಹಾಸ್ಯ ತಂಡವೊಂದು ತಯಾರಿಸಿದ 1975ರ ‘ಮಾಂಟಿ ಪೈಥಾನ್ ಅಂಡ್ ದಿ ಹೋಲಿ ಗ್ರೇಲ್’ ಚಿತ್ರದಲ್ಲಿದೆ. ಕುದುರೆಗಳಿಗೆ ಹಣವಿಲ್ಲದ ಕಾರಣ ರಾಜನು ನೆಲದ ಮೇಲೆ ಕುಪ್ಪಳಿಸುತ್ತ ಬರುತ್ತಾನೆ, ಹಿಂದಿನಿಂದ ಸೇವಕನು ತೆಂಗಿನ ಚಿಪ್ಪುಗಳನ್ನು ಬಡಿದು ಗೊರಸಿನ ಸದ್ದು ಮಾಡುತ್ತಾನೆ. ಚಿತ್ರ ಅಲ್ಲಿಗೇ ಬಿಟ್ಟಿದ್ದರೆ ಅದು ಒಂದು ಸಣ್ಣ ತಮಾಷೆಯಾಗಿ ಮುಗಿಯುತ್ತಿತ್ತು. ಕೋಟೆಯ ಕಾವಲುಗಾರರು ಆ ಚಿಪ್ಪುಗಳನ್ನು ಗುರುತಿಸಿ, ಶೀತ ದೇಶಕ್ಕೆ ತೆಂಗು ಹೇಗೆ ಬಂತು, ಹಕ್ಕಿಯೊಂದು ಅದನ್ನು ಹೊತ್ತು ತರಲು ಸಾಧ್ಯವೇ ಎಂದು ಪಂಡಿತರಂತೆ ಚರ್ಚೆಗಿಳಿಯುತ್ತಾರೆ. ಕೊರತೆಯೇ ಸಂಭಾಷಣೆಯ ವಸ್ತುವಾಗಿ, ಅದರಿಂದಲೇ ದೃಶ್ಯ ಹಿಗ್ಗಿತು.

ಇನ್ನೊಂದು ಉದಾಹರಣೆ ನೇರವಾಗಿ ವಿದ್ಯಾರ್ಥಿಗಳದ್ದೇ. ಜಾನ್ ಕಾರ್ಪೆಂಟರ್ ಮತ್ತು ಡ್ಯಾನ್ ಓಬ್ಯಾನನ್ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಆರಂಭಿಸಿದ ಚಿತ್ರವೊಂದು ಮುಂದೆ ಬೆಳೆದು 1974ರಲ್ಲಿ ‘ಡಾರ್ಕ್ ಸ್ಟಾರ್’ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಅಂತರಿಕ್ಷ ನೌಕೆಯೊಳಗೆ ತಪ್ಪಿಸಿಕೊಂಡು ಓಡಾಡುವ ಅನ್ಯಗ್ರಹದ ಪ್ರಾಣಿ, ಬಣ್ಣ ಬಳಿದು ಕೆಳಗೆ ಪಂಜ ಜೋಡಿಸಿದ ಗಾಳಿಚೆಂಡು. ಅದು ಚೆಂಡೆಂದು ಮಗುವಿಗೂ ತಿಳಿಯುತ್ತದೆ. ಆದರೆ ಓಬ್ಯಾನನ್ ಸ್ವತಃ ನಟಿಸಿದ ಸಿಬ್ಬಂದಿಯ ಪಾತ್ರ ಅದರ ಹಿಂದೆ ಬೀಳುವ ರೀತಿ, ಲಿಫ್ಟಿನ ಸುರಂಗದಲ್ಲಿ ಜೋತಾಡುವ ಪ್ರಾಣಭಯ, ಇವು ಸಂಪೂರ್ಣ ನಿಜ. ಮುಂದೆ ಇದೇ ಓಬ್ಯಾನನ್ 1979ರ ‘ಏಲಿಯನ್’ ಚಿತ್ರಕಥೆಯನ್ನು ಬರೆದರು. ನೌಕೆಯೊಳಗೆ ಅಡಗಿದ ಪ್ರಾಣಿಯ ಅದೇ ಎಳೆ ಅಲ್ಲಿ ಭಯದ ಕಥೆಯಾಯಿತು. ಒಂದು ಎಳೆ ಹಾಸ್ಯಕ್ಕೂ ಭಯಕ್ಕೂ ಸಮನಾಗಿ ಒದಗಬೇಕಾದರೆ ಅದನ್ನು ಮೊದಲ ಸಲವೇ ಎಷ್ಟು ಗಟ್ಟಿಯಾಗಿ ಕಟ್ಟಿರಬೇಕು ಎಂಬುದನ್ನು ಯೋಚಿಸಿ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಬೇಕೆಂದೇ ಕೆಟ್ಟದಾಗಿ ಮಾಡುವುದು ಇಂಥ ಚಿತ್ರಗಳನ್ನು ಕೆಡಿಸುವ ಮೊದಲ ದಾರಿ. ‘ಹೇಗೂ ಕಡಿಮೆ ಬಜೆಟ್, ಸ್ವಲ್ಪ ಕೆಟ್ಟದಾಗಿದ್ದರೇ ಚೆನ್ನ’ ಎಂದುಕೊಂಡು ಮೀಸೆಯನ್ನು ಓರೆಯಾಗಿ ಅಂಟಿಸುವವರು, ಸಂಭಾಷಣೆಯನ್ನು ತಪ್ಪಿಸುವವರು ಇದ್ದಾರೆ. ಪ್ರೇಕ್ಷಕರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ಓರೆಯಾಗಿ ಉಳಿದ ಮೀಸೆಗೂ, ಓರೆ ಮಾಡಿದ ಮೀಸೆಗೂ ಇರುವ ವ್ಯತ್ಯಾಸವನ್ನು ಅವರು ಮಾತಿನಲ್ಲಿ ವಿವರಿಸಲಾರರು, ಆದರೆ ಮೊದಲನೆಯದಕ್ಕೆ ನಗುತ್ತಾರೆ, ಎರಡನೆಯದಕ್ಕೆ ಆಕಳಿಸುತ್ತಾರೆ. ರಟ್ಟಿನ ಪೆಟ್ಟಿಗೆಯನ್ನೇ ಬಳಸಿ, ಆದರೆ ಅದರ ಅಂಚನ್ನು ಅಳತೆ ಪಟ್ಟಿ ಇಟ್ಟು ಕತ್ತರಿಸಿ, ಗುಂಡಿಗಳನ್ನು ಸಾಲಾಗಿ ಅಂಟಿಸಿ, ಆ ಗ್ರಹದ ಲಾಂಛನವೊಂದನ್ನು ಬಿಡಿಸಿ. ಬಡತನ ಕಾಣಲಿ, ಉದಾಸೀನ ಕಾಣದಿರಲಿ.

ನಟರಿಗೆ ಹೇಳಬೇಕಾದದ್ದು

ಗೆಳೆಯರೇ ನಟರಾಗಿರುವಾಗ ಅವರಿಗೆ ಕೊಡಬಹುದಾದ ಉತ್ತಮ ಸೂಚನೆಯೆಂದರೆ, ಇದು ಹಾಸ್ಯಚಿತ್ರ ಎಂಬುದನ್ನು ಮರೆತುಬಿಡಿ ಎಂಬುದು. ಮೂಕಿ ಚಿತ್ರಗಳ ಕಾಲದ ಬಸ್ಟರ್ ಕೀಟನ್ ತಮ್ಮ ನಗದ ಮುಖಕ್ಕೇ ಹೆಸರಾದವರು. 1928ರ ಒಂದು ಚಿತ್ರದಲ್ಲಿ ಮನೆಯ ಮುಂಗೋಡೆ ಇಡಿಯಾಗಿ ಅವರ ಮೇಲೆ ಬೀಳುತ್ತದೆ, ಕಿಟಕಿಯ ತೆರವು ಸರಿಯಾಗಿ ಅವರಿರುವ ಜಾಗಕ್ಕೆ ಬಂದು ಅವರು ಉಳಿದುಕೊಳ್ಳುತ್ತಾರೆ. ಆಗ ಅವರು ಕ್ಯಾಮೆರಾದತ್ತ ನೋಡಿ ಕಣ್ಣು ಮಿಟುಕಿಸಿದ್ದರೆ ಆ ದೃಶ್ಯ ಇಷ್ಟು ಕಾಲ ಉಳಿಯುತ್ತಿರಲಿಲ್ಲ.

ಪ್ರತಿ ಪಾತ್ರಕ್ಕೂ ಒಂದು ಬಯಕೆ ಕೊಡಿ. ನಮ್ಮ ಕಥೆಯ ಮುಖ್ಯಸ್ಥರಿಗೆ ಕುರ್ಚಿಯನ್ನು ಉಳಿಸಿಕೊಳ್ಳಲೇಬೇಕು, ಏಕೆಂದರೆ ಮುಂದಿನ ವಾರ ತಪಾಸಣೆ ಇದೆ. ಗುಮಾಸ್ತರಿಗೆ ಅದು ಹೋದರೆ ಒಳಗೊಳಗೇ ಸಂತೋಷ, ಏಕೆಂದರೆ ಕಿಟಕಿಯ ಪಕ್ಕದ ಜಾಗ ಅವರಿಗೆ ಸಿಗುತ್ತದೆ. ಹೀಗೆ ಏನನ್ನೋ ಬಯಸುತ್ತಿರುವ ನಟ ನಗಿಸಲು ಪ್ರಯತ್ನಿಸುವುದಿಲ್ಲ, ತನ್ನ ಕೆಲಸ ಮಾಡುತ್ತಾನೆ. ಚಿತ್ರೀಕರಣದ ವೇಳೆ ನಗು ತಡೆಯಲಾಗದೆ ಒಡೆದುಹೋದರೆ ಬೇಸರಿಸಬೇಡಿ. ಒಂದೆರಡು ಟೇಕ್ (ಅದೇ ಶಾಟಿನ ಒಂದೊಂದು ಸಲದ ಚಿತ್ರೀಕರಣ) ನಗಲು ಬಿಟ್ಟು, ಮೂರನೆಯದನ್ನು ಬಳಸಿ. ಕ್ಯಾಮೆರಾದ ಹಿಂದೆ ನಿಂತವರು ನಗದಂತೆ ನೋಡಿಕೊಳ್ಳುವುದು ಇನ್ನೂ ಮುಖ್ಯ, ಏಕೆಂದರೆ ಆ ನಗು ಧ್ವನಿಯಲ್ಲಿ ಸೇರಿಹೋದರೆ ಅದನ್ನು ತೆಗೆಯಲು ಬರುವುದಿಲ್ಲ.

ಕುರ್ಚಿಯ ಕ್ಲೋಸ್‌ಅಪ್

ಕ್ಯಾಮೆರಾದ ವಿಷಯದಲ್ಲಿ ವಿದ್ಯಾರ್ಥಿಗಳು ಉಪಕರಣದ ಬಗ್ಗೆ ಅನಗತ್ಯವಾಗಿ ಚಿಂತಿಸುತ್ತಾರೆ. ಈಗಿನ ಸಾಧಾರಣ ಫೋನಿನ ಕ್ಯಾಮೆರಾ ಸಾಕು. ಸೆಕೆಂಡಿಗೆ 24 ಅಥವಾ 25 ಫ್ರೇಮ್ (ಬಿಡಿ ಚಿತ್ರ) ಇರಿಸಿ, ಫೋಕಸ್ ಮತ್ತು ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ) ಎರಡನ್ನೂ ಲಾಕ್ ಮಾಡಿ. ಇಲ್ಲವಾದರೆ ನಟ ಅಲುಗಾಡಿದಾಗಲೆಲ್ಲ ಬೆಳಕು ಏರಿಳಿದು ದೃಶ್ಯ ಉಸಿರಾಡಿದಂತೆ ಕಾಣುತ್ತದೆ. ಕೆಲವು ದೀಪಗಳ ಅಡಿಯಲ್ಲಿ ಚಿತ್ರ ಮಿನುಗುವುದುಂಟು. ವಿದ್ಯುತ್ತು 50 ಹರ್ಟ್ಜ್ ಇರುವ ಕಡೆ ಷಟರ್ ವೇಗವನ್ನು (ಪ್ರತಿ ಫ್ರೇಮ್ ಬೆಳಕಿಗೆ ತೆರೆದಿರುವ ಸಮಯವನ್ನು) 1/50 ಅಥವಾ 1/100 ಸೆಕೆಂಡಿಗೆ, 60 ಹರ್ಟ್ಜ್ ಇರುವ ಕಡೆ 1/60 ಅಥವಾ 1/120ಕ್ಕೆ ಇರಿಸಿದರೆ ಮಿನುಗು ಸಾಮಾನ್ಯವಾಗಿ ನಿಲ್ಲುತ್ತದೆ. ಟ್ರೈಪಾಡ್ ಇಲ್ಲದಿದ್ದರೆ ಪುಸ್ತಕಗಳ ಗುಡ್ಡೆಗೆ ಫೋನನ್ನು ಆನಿಸಿಡಿ.

ಅಲುಗಾಡದ, ಅಗಲವಾದ ಶಾಟ್ ಅಸಂಗತ ಹಾಸ್ಯಕ್ಕೆ ಒಳ್ಳೆಯ ಮಿತ್ರ. ಅದು ತಾನಾಗಿ ಏನನ್ನೂ ಬೆರಳಿಟ್ಟು ತೋರಿಸುವುದಿಲ್ಲ. ವಿಚಿತ್ರವನ್ನು ಪ್ರೇಕ್ಷಕನೇ ಕಂಡುಹಿಡಿಯಲು ಬಿಡುತ್ತದೆ, ಹಾಗೆ ಕಂಡುಹಿಡಿದದ್ದಕ್ಕೆ ಅವನು ಇಮ್ಮಡಿ ನಗುತ್ತಾನೆ. ವಿಚಿತ್ರ ಘಟನೆಯತ್ತ ರಭಸದಿಂದ ಜೂಮ್ ಮಾಡುವುದು, ಕ್ಯಾಮೆರಾವನ್ನು ಓರೆಯಾಗಿ ಹಿಡಿಯುವುದು, ಇವೆಲ್ಲ ‘ಇಲ್ಲಿ ನಗಿ’ ಎಂದು ಕೂಗಿದಂತೆ. ಇಡೀ ಚಿತ್ರದಲ್ಲಿ ಒಂದೇ ಒಂದು ಜೂಮ್ ಇರಲಿ, ಅದೂ ಅತ್ಯಂತ ನಿಧಾನವಾಗಿರಲಿ.

ಈಗ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಮುಖ್ಯಸ್ಥರು ಕುರ್ಚಿಯೊಡನೆ ಮಾತಾಡುವ ದೃಶ್ಯ. ಮೊದಲು ಅಗಲವಾದ ಶಾಟ್: ಮೇಜಿನ ಈಚೆ ಮುಖ್ಯಸ್ಥರು, ಆಚೆ ಖಾಲಿ ಕುರ್ಚಿ, ನಡುವೆ ಒಂದು ನೀರಿನ ಲೋಟ. ಆಮೇಲೆ ಮುಖ್ಯಸ್ಥರ ಕ್ಲೋಸ್‌ಅಪ್: ‘ಯಾರಾದರೂ ಏನಾದರೂ ಅಂದರೇ?’ ಎಂದು ಕೇಳುತ್ತಾರೆ. ತಕ್ಷಣ ಕುರ್ಚಿಯ ಕ್ಲೋಸ್‌ಅಪ್ ಬರಬೇಕು. ಈ ಕ್ಲೋಸ್‌ಅಪ್ ಮನುಷ್ಯನ ಮುಖಕ್ಕೆ ಕೊಟ್ಟಷ್ಟೇ ಗಾತ್ರದ್ದಾಗಿರಲಿ, ಕ್ಯಾಮೆರಾ ಕುರ್ಚಿಯ ಬೆನ್ನಿನ ಮೇಲ್ತುದಿಯ ಎತ್ತರದಲ್ಲಿ, ಕಣ್ಣಿಗೆ ಕಣ್ಣು ಕೊಟ್ಟಂತಿರಲಿ, ಬೆಳಕೂ ಅದೇ ಕಡೆಯಿಂದ ಬರಲಿ. ಇಬ್ಬರು ಮಾತಾಡುವಾಗ ಅವರ ನಡುವೆ ಎಳೆದ ಕಾಲ್ಪನಿಕ ಗೆರೆಯ ಒಂದೇ ಬದಿಯಲ್ಲಿ ಕ್ಯಾಮೆರಾ ಇರಬೇಕೆಂಬ 180 ಡಿಗ್ರಿಯ ನಿಯಮವನ್ನು ಕುರ್ಚಿಗೂ ಪಾಲಿಸಿ. ಮೂರು ಸೆಕೆಂಡು ಕುರ್ಚಿಯ ಮೇಲೆ ನಿಲ್ಲಿ. ಮತ್ತೆ ಮುಖ್ಯಸ್ಥರು, ಅವರು ನಿಧಾನವಾಗಿ ತಲೆತಗ್ಗಿಸಿ, ‘ಅರ್ಥವಾಯಿತು’ ಎಂದು ನೀರಿನ ಲೋಟವನ್ನು ಕುರ್ಚಿಯ ಕಡೆಗೆ ಸರಿಸುತ್ತಾರೆ.

ಏನೂ ಮಾಡದ ಮರದ ತುಂಡಿನಲ್ಲಿ ಪ್ರೇಕ್ಷಕರು ಈಗ ನೋವನ್ನು ಕಾಣುತ್ತಾರೆ. ಇದರ ಹಿಂದಿನ ತತ್ವ ನೂರು ವರ್ಷಗಳಷ್ಟು ಹಳೆಯದು. ರಷ್ಯಾದ ಲೆವ್ ಕುಲೆಶೊವ್ ನಟನೊಬ್ಬನ ಭಾವರಹಿತ ಮುಖದ ಒಂದೇ ಶಾಟನ್ನು ಬೇರೆ ಬೇರೆ ಚಿತ್ರಗಳ ಪಕ್ಕ ಜೋಡಿಸಿ ತೋರಿಸಿದಾಗ, ಪ್ರೇಕ್ಷಕರು ಆ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರೆಂದು ಸಿನಿಮಾ ಪಾಠಗಳಲ್ಲಿ ಹೇಳುತ್ತಾರೆ. ಭಾವ ಇದ್ದದ್ದು ಜೋಡಣೆಯಲ್ಲಿ. ದುಬಾರಿ ಗ್ರಾಫಿಕ್ಸ್ ಬಳಸಿ ಕುರ್ಚಿಗೆ ಕಣ್ಣೀರು ಬರಿಸುವುದಕ್ಕಿಂತ ಇದು ಹೆಚ್ಚು ನಗಿಸುತ್ತದೆ, ಹೆಚ್ಚು ತಟ್ಟುತ್ತದೆ ಕೂಡ. ವಿದ್ಯಾರ್ಥಿಗಳು ಈ ಒಂದು ದೃಶ್ಯವನ್ನು ಅಭ್ಯಾಸಕ್ಕೆಂದಾದರೂ ಚಿತ್ರಿಸಿ ನೋಡಬೇಕೆಂಬುದು ನನ್ನ ಆಸೆ; ಸಂಕಲನದ ಶಕ್ತಿಯನ್ನು ಇಷ್ಟು ಬೇಗ ಕಲಿಸುವ ಬೇರೆ ದಾರಿ ನನಗೆ ಕಂಡಿಲ್ಲ.

ಮಾಯವಾಗುವುದು, ಇದ್ದಕ್ಕಿದ್ದಂತೆ ಪ್ರತ್ಯಕ್ಷವಾಗುವುದು ಬೇಕಿದ್ದರೆ ಜಾದೂಗಾರ ಜಾರ್ಜ್ ಮೆಲಿಯೆ 1896ರಲ್ಲೇ ಬಳಸಿದ ಉಪಾಯ ಇಂದಿಗೂ ಸಾಕು. ಕ್ಯಾಮೆರಾವನ್ನು ಕದಲದಂತೆ ಇರಿಸಿ, ದೃಶ್ಯದಲ್ಲಿರುವ ಎಲ್ಲರೂ ಕಲ್ಲಿನಂತೆ ನಿಲ್ಲಲಿ, ಮಾಯವಾಗಬೇಕಾದವನು ಮಾತ್ರ ಹೊರಗೆ ಹೋಗಲಿ, ಉಳಿದವರು ನಟನೆ ಮುಂದುವರಿಸಲಿ. ಸಂಕಲನದಲ್ಲಿ ನಡುವಿನ ಭಾಗವನ್ನು ಕತ್ತರಿಸಿ. ಕತ್ತರಿ ಬಿದ್ದ ಜಾಗದಲ್ಲಿ ಒಂದು ಸಣ್ಣ ಸದ್ದನ್ನು ಇಟ್ಟರೆ ಕಣ್ಣಿನ ಅನುಮಾನವನ್ನು ಕಿವಿ ನಿವಾರಿಸುತ್ತದೆ. ಮೋಡ ಸರಿದಾಡುವ ದಿನ ಹೊರಗಡೆ ಇದನ್ನು ಮಾಡಬೇಡಿ, ಬೆಳಕು ಬದಲಾಗಿ ಗುಟ್ಟು ಬಯಲಾಗುತ್ತದೆ.

ಧ್ವನಿಗೆ ಮಾತ್ರ ರಿಯಾಯಿತಿ ಇಲ್ಲ

ಮಸುಕಾದ ಚಿತ್ರವನ್ನು ಪ್ರೇಕ್ಷಕರು ಕ್ಷಮಿಸುತ್ತಾರೆ, ಕೇಳಿಸದ ಮಾತನ್ನು ಕ್ಷಮಿಸುವುದಿಲ್ಲ. ಹಾಸ್ಯದಲ್ಲಂತೂ ಒಂದು ಪದ ನುಂಗಿಹೋದರೆ ಇಡೀ ಸಾಲು ವ್ಯರ್ಥ. ಕೈಯಲ್ಲಿ ಸ್ವಲ್ಪವೇ ಹಣವಿದ್ದರೆ ಅದನ್ನು ಮೈಕಿಗೆ ಖರ್ಚು ಮಾಡಿ. ಅದೂ ಇಲ್ಲದಿದ್ದರೆ ಎರಡನೆಯ ಫೋನೊಂದನ್ನು ಧ್ವನಿಮುದ್ರಣಕ್ಕೆ ಇಟ್ಟು, ನಟನ ಎದೆಯ ಜೇಬಿನಲ್ಲೋ ಮೇಜಿನ ಮೇಲಿನ ಪುಸ್ತಕದ ಮರೆಯಲ್ಲೋ ಬಾಯಿಗೆ ಸಾಧ್ಯವಾದಷ್ಟು ಹತ್ತಿರದಲ್ಲಿ ಇರಿಸಿ. ಮೈಕ್ ಎಷ್ಟು ಒಳ್ಳೆಯದು ಎಂಬುದಕ್ಕಿಂತ ಎಷ್ಟು ಹತ್ತಿರದಲ್ಲಿದೆ ಎಂಬುದೇ ಇಲ್ಲಿ ಮುಖ್ಯ. ಪ್ರತಿ ಟೇಕಿನ ಆರಂಭದಲ್ಲಿ ಕ್ಯಾಮೆರಾದ ಮುಂದೆ ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿದರೆ ಚಿತ್ರವನ್ನೂ ಧ್ವನಿಯನ್ನೂ ಮುಂದೆ ಸುಲಭವಾಗಿ ಹೊಂದಿಸಬಹುದು.

ಸದ್ದು ಮಾಡುವ ಫ್ಯಾನನ್ನೂ ಫ್ರಿಜ್ಜನ್ನೂ ನಿಲ್ಲಿಸಿ. ಫ್ರಿಜ್ಜನ್ನು ಮತ್ತೆ ಚಾಲೂ ಮಾಡಲು ಮರೆಯದಿರಲು ಚಿತ್ರತಂಡಗಳಲ್ಲಿ ಒಂದು ಹಳೆಯ ಉಪಾಯವಿದೆ: ವಾಹನದ ಕೀಲಿಯನ್ನು ಅದರೊಳಗೇ ಇಟ್ಟುಬಿಡುವುದು. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಕನಿಷ್ಠ 30 ಸೆಕೆಂಡು ಆ ಕೋಣೆಯ ಮೌನವನ್ನು ಮುದ್ರಿಸಿಕೊಳ್ಳಿ. ಸಂಕಲನದಲ್ಲಿ ಮಾತುಗಳ ನಡುವೆ ತೆರವು ಬಿದ್ದಾಗ ಈ ಮೌನವನ್ನು ತುಂಬದಿದ್ದರೆ ಧ್ವನಿ ಕಡಿದುಹೋದಂತೆ ಕೇಳಿಸುತ್ತದೆ, ಮತ್ತು ಇಂಥ ಚಿತ್ರಗಳಲ್ಲಿ ಮುಜುಗರದ ಮೌನಗಳು ಬಹಳ ಇರುತ್ತವೆ.

ಹೆಜ್ಜೆಯ ಸದ್ದು, ಬಾಗಿಲ ಕಿರಕಿರಿ ಮೊದಲಾದವನ್ನು ಆಮೇಲೆ ಬೇರೆಯಾಗಿ ಸೃಷ್ಟಿಸಿ ಸೇರಿಸುವ ಕಲೆಗೆ ಹಾಲಿವುಡ್‌ನ ಜ್ಯಾಕ್ ಫೋಲಿಯವರ ಹೆಸರಿನಿಂದ ‘ಫೋಲಿ’ ಎಂದೇ ಕರೆಯುತ್ತಾರೆ. ಬಡ ಚಿತ್ರವನ್ನು ಶ್ರೀಮಂತಗೊಳಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಬಟ್ಟೆಯ ಚೀಲದಲ್ಲಿ ಮೆಕ್ಕೆಜೋಳದ ಪಿಷ್ಟದ ಪುಡಿ ತುಂಬಿ ಹಿಸುಕಿದರೆ ಹಿಮದ ಮೇಲಿನ ಹೆಜ್ಜೆ, ಎಳೆಯ ತರಕಾರಿಯ ದಂಟನ್ನು ಮುರಿದರೆ ಮೂಳೆಯ ಲಟಕ್. ನಮ್ಮ ಕುರ್ಚಿಗಾದರೆ ನಾಲ್ಕೈದು ಬಗೆಯ ಕಿರುಗುಟ್ಟುವಿಕೆಯನ್ನು ಮುದ್ರಿಸಿಟ್ಟುಕೊಂಡು, ಅವುಗಳಲ್ಲಿ ಒಂದನ್ನು, ಒಂದನ್ನೇ, ಇಡೀ ಚಿತ್ರದ ಅತಿ ಮುಖ್ಯ ಮೌನದಲ್ಲಿ ಬಳಸಬಹುದು.

ಹಿನ್ನೆಲೆ ಸಂಗೀತ ನಗೆಯ ಸಂಗೀತವಾಗಿರಬಾರದು. ಸೇವೆಯಿಂದ ನಿವೃತ್ತನಾಗುವ ಮನುಷ್ಯನ ಕಥೆಗೆ ಯಾವ ರಾಗ ಹೊಂದುತ್ತಿತ್ತೋ ಅದನ್ನೇ ಕುರ್ಚಿಗೂ ಕೊಡಿ. ಅಂತರ್ಜಾಲದಿಂದ ತೆಗೆದ ಸಂಗೀತವಾದರೆ ಅದರ ಪರವಾನಗಿಯನ್ನು ಓದಿ. ಕೃತಿಯನ್ನು ಷರತ್ತಿನ ಮೇಲೆ ಇತರರ ಬಳಕೆಗೆ ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಹೆಚ್ಚಿನವು ಕರ್ತೃವಿನ ಹೆಸರನ್ನು ಸೂಚಿಸಬೇಕೆಂದು ಕೇಳುತ್ತವೆ, ಕೆಲವು ವಾಣಿಜ್ಯ ಬಳಕೆಯನ್ನೂ ಬದಲಾವಣೆಯನ್ನೂ ತಡೆಯುತ್ತವೆ. ಕೃತಿ ಹಳೆಯದಾಗಿ ಹಕ್ಕು ತೀರಿದ್ದರೂ ಅದರ ಹೊಸ ಧ್ವನಿಮುದ್ರಣಕ್ಕೆ ಬೇರೆ ಹಕ್ಕು ಇರಬಹುದೆಂಬುದು ಹಲವರಿಗೆ ತಿಳಿದಿರುವುದಿಲ್ಲ. ಸಂಗೀತ ಕಲಿಯುವ ಗೆಳೆಯನೊಬ್ಬನಿದ್ದರೆ ಈ ತೊಂದರೆಗಳೆಲ್ಲ ತಪ್ಪುತ್ತವೆ.

ಅಪಘಾತ, ಅನುಮತಿ, ಮರ್ಯಾದೆ

ಯೋಜಿಸದೆ ನಡೆದದ್ದು ಕೆಲವೊಮ್ಮೆ ಚಿತ್ರದ ಅತ್ಯುತ್ತಮ ಕ್ಷಣವಾಗುತ್ತದೆ. ತಪ್ಪಿದ ಟೇಕುಗಳನ್ನು ಅಳಿಸಬೇಡಿ. ಬಿದ್ದ ಹಲಗೆ, ಹಾದುಹೋದ ನಾಯಿ, ಎಲ್ಲವನ್ನೂ ಇಟ್ಟುಕೊಳ್ಳಿ, ಪಾತ್ರಗಳು ಅದನ್ನು ಕಥೆಯೊಳಗಿನ ಘಟನೆಯೆಂದೇ ಸ್ವೀಕರಿಸಿದ್ದರೆ ಬಳಸಿಕೊಳ್ಳಿ. ಜಪಾನಿನ ಶಿನಿಚಿರೊ ಉಎಡ ಅವರ ‘ಒನ್ ಕಟ್ ಆಫ್ ದಿ ಡೆಡ್’ (2017) ಈ ವಿಷಯದಲ್ಲಿ ದೊಡ್ಡ ಪಾಠಶಾಲೆ. ಟೋಕಿಯೋದ ಒಂದು ಸಿನಿಮಾ ಮತ್ತು ನಟನಾ ಶಾಲೆಯ ಕಾರ್ಯಾಗಾರದಿಂದ ಹೊಮ್ಮಿದ, ಸುಮಾರು 30 ಲಕ್ಷ ಯೆನ್ ವೆಚ್ಚದ, ಹೆಚ್ಚು ಪರಿಚಯವಿಲ್ಲದ ನಟರ ಈ ಹಾಸ್ಯಚಿತ್ರ 37 ನಿಮಿಷಗಳ ಒಂದೇ ಶಾಟಿನಿಂದ ಆರಂಭವಾಗುತ್ತದೆ. ಅದರಲ್ಲಿ ವಿಚಿತ್ರ ತಡವರಿಕೆಗಳು, ಅರ್ಥವಿಲ್ಲದ ಮೌನಗಳು ತುಂಬಿವೆ. ಚಿತ್ರದ ಉಳಿದ ಭಾಗ ಅವುಗಳಲ್ಲಿ ಒಂದೊಂದಕ್ಕೂ ಕಾರಣ ಒದಗಿಸುತ್ತ ಹೋದಂತೆ, ಮೊದಲು ಮುಜುಗರ ತಂದದ್ದೇ ಆಮೇಲೆ ನಗೆಯಾಗಿ, ಆ ಪುಟ್ಟ ತಂಡದ ಮೇಲಿನ ಪ್ರೀತಿಯಾಗಿ ಬದಲಾಗುತ್ತದೆ.

ಆದರೆ ಅಪಘಾತವನ್ನು ಆಹ್ವಾನಿಸಬಾರದು. 1978ರ ‘ಅಟ್ಯಾಕ್ ಆಫ್ ದಿ ಕಿಲ್ಲರ್ ಟೊಮ್ಯಾಟೋಸ್’ ಚಿತ್ರದಲ್ಲಿ ಕಾಣುವ ಹೆಲಿಕಾಪ್ಟರ್ ಅಪಘಾತ ನಿಜವಾಗಿ ಆದದ್ದು. ಒಳಗಿದ್ದವರು ಬದುಕಿಕೊಂಡರು, ದೃಶ್ಯ ಚಿತ್ರದಲ್ಲಿ ಉಳಿಯಿತು. ಅದು ಬಲವಾದ ಅದೃಷ್ಟ, ಅನುಸರಿಸಬೇಕಾದ ವಿಧಾನವಲ್ಲ. ಎತ್ತರದಿಂದ ಬೀಳುವುದು, ಬೆಂಕಿ, ಓಡುವ ವಾಹನ, ನೀರು ಇವುಗಳನ್ನು ಕಥೆಯಿಂದಲೇ ಕೈಬಿಡಿ. ಆಟಿಕೆಯ ಬಂದೂಕನ್ನೂ ಸಾರ್ವಜನಿಕ ಸ್ಥಳಕ್ಕೆ ಒಯ್ಯಬೇಡಿ, ದೂರದಿಂದ ಕಂಡವರಿಗೆ ಅದು ಆಟಿಕೆಯೆಂದು ತಿಳಿಯುವುದಿಲ್ಲ. ಬದಲಿಗೆ ಬಾಚಣಿಗೆಯನ್ನು ಬಂದೂಕಿನಂತೆ ಹಿಡಿಸಿದರೆ ಅಪಾಯವೂ ಇಲ್ಲ, ಹಾಸ್ಯವೂ ಹೆಚ್ಚು. ಕಟ್ಟಡ ಬಳಸಲು ಲಿಖಿತ ಅನುಮತಿ ಪಡೆಯಿರಿ, ಗುರುತು ಸಿಗುವಂತೆ ಚಿತ್ರದಲ್ಲಿ ಬರುವ ಪ್ರತಿಯೊಬ್ಬರ ಒಪ್ಪಿಗೆ ಕೇಳಿ. ನಿಜವಾದ ಒಬ್ಬ ಅಧ್ಯಾಪಕರ, ಸಹಪಾಠಿಯ ನಡೆನುಡಿಯನ್ನು ಅಣಕಿಸುವ ಹಾಸ್ಯ ಮೊದಲ ದಿನ ಚಪ್ಪಾಳೆ ಗಿಟ್ಟಿಸಿದರೂ ಒಬ್ಬರ ಮನಸ್ಸನ್ನು ಬಹುಕಾಲ ನೋಯಿಸುತ್ತದೆ. ಅಸಂಗತ ಹಾಸ್ಯದ ದೊಡ್ಡ ಗುಣವೆಂದರೆ ಅದಕ್ಕೆ ಬಲಿಯಾಗುವವರು ಯಾರೂ ಬೇಕಾಗಿಲ್ಲ.

ಸಂಕಲನ ಮತ್ತು ಮೊದಲ ಪ್ರದರ್ಶನ

ಸಂಕಲನಕ್ಕೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಂತಹ ತಂತ್ರಾಂಶ ಬೇಕಾದಷ್ಟಾಯಿತು. ಮೊದಲ ಜೋಡಣೆ ಯಾವಾಗಲೂ ಉದ್ದವಾಗಿರುತ್ತದೆ, ಹನ್ನೆರಡು ನಿಮಿಷ ಬಂದರೆ ಗಾಬರಿಯಾಗಬೇಡಿ. ಪ್ರತಿ ದೃಶ್ಯದ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ತೆಗೆದು ನೋಡಿ. ಬಹಳ ಸಲ ದೃಶ್ಯಕ್ಕೆ ಏನೂ ನಷ್ಟವಾಗಿರುವುದಿಲ್ಲ. ಬಾಗಿಲು ತೆರೆದು ಒಳಬರುವುದು, ನಮಸ್ಕಾರ ಹೇಳುವುದು, ಕುಳಿತುಕೊಳ್ಳುವುದು ಇವೆಲ್ಲ ಹೋಗಲಿ. ಆದರೆ ಮೌನಗಳನ್ನು ಅದೇ ಕತ್ತರಿಯಿಂದ ಕತ್ತರಿಸಬೇಡಿ. ಕುರ್ಚಿಯ ಆ ಮೂರು ಸೆಕೆಂಡುಗಳನ್ನು ಎರಡಕ್ಕೆ ಇಳಿಸಿ, ನಾಲ್ಕಕ್ಕೆ ಏರಿಸಿ, ಪ್ರತಿ ಸಲವೂ ಹಿಂದಿನ ಅರ್ಧ ನಿಮಿಷದಿಂದ ನೋಡಿ ನಿರ್ಧರಿಸಿ. ಒಂದು ಬಿಂದುವಿನ ತನಕ ಮೌನ ನಗಿಸುತ್ತದೆ, ಅದನ್ನು ದಾಟಿದರೆ ಬೇಸರ ತರಿಸುತ್ತದೆ, ಇನ್ನೂ ಎಳೆದರೆ ವಿಚಿತ್ರವೆಂದರೆ ಮತ್ತೆ ನಗಿಸುತ್ತದೆ. ಆ ಬಿಂದುಗಳನ್ನು ಕಿವಿ ಮತ್ತು ತಾಳ್ಮೆ ಮಾತ್ರ ಹೇಳಬಲ್ಲವು.

ತಂಡದ ಗೆಳೆಯರಿಗಷ್ಟೇ ತೋರಿಸಿ ಸಮಾಧಾನಪಡಬೇಡಿ. ಅವರು ನಟರನ್ನು ಬಲ್ಲವರು, ಪರಿಚಿತ ಮುಖ ತೆರೆಯ ಮೇಲೆ ಬಂದರೇ ನಗುತ್ತಾರೆ. ತಂಡದ ಯಾರ ಪರಿಚಯವೂ ಇಲ್ಲದ ನಾಲ್ಕೈದು ಮಂದಿಗೆ, ಯಾವ ಪೀಠಿಕೆಯನ್ನೂ ಹೇಳದೆ, ಕ್ಷಮೆಯನ್ನೂ ಕೇಳದೆ ತೋರಿಸಿ. ನೀವು ತೆರೆಯನ್ನು ನೋಡದೆ ಅವರ ಮುಖಗಳನ್ನು ನೋಡಿ. ಎಲ್ಲಿ ನಕ್ಕರು, ಎಲ್ಲಿ ಕೈಗಡಿಯಾರ ನೋಡಿದರು, ಎಲ್ಲಿ ಪಕ್ಕದವರನ್ನು ‘ಏನಂದ?’ ಎಂದು ಕೇಳಿದರು ಎಂಬುದನ್ನು ನಿಮಿಷ ಸೆಕೆಂಡಿನೊಡನೆ ಬರೆದುಕೊಳ್ಳಿ. ಜೋರಾದ ನಗೆ ಬಂದ ಕಡೆ ಮುಂದಿನ ಸಂಭಾಷಣೆ ಮುಳುಗಿಹೋಗಿದ್ದರೆ ಅಲ್ಲಿ ಮುದ್ರಿಸಿಟ್ಟ ಕೋಣೆಯ ಮೌನದಿಂದ ಒಂದು ಸೆಕೆಂಡು ಸೇರಿಸಿ, ‘ಏನಂದ?’ ಎಂದು ಕೇಳಿದ ಸಾಲನ್ನು ನಟನಿಂದ ಮತ್ತೆ ಹೇಳಿಸಿ ಡಬ್ ಮಾಡಿ. ಗಡಿಯಾರ ನೋಡಿದ ಜಾಗದಲ್ಲಿರುವುದು ನಿಮಗೆ ಎಷ್ಟೇ ಪ್ರಿಯವಾದ ದೃಶ್ಯವಾಗಿದ್ದರೂ ಒಮ್ಮೆ ಅದಿಲ್ಲದೆ ಚಿತ್ರವನ್ನು ನಡೆಸಿ ನೋಡಿ. ಈ ತಿದ್ದುಪಡಿಗಳಾದ ಮೇಲೆ ಮತ್ತೊಂದು ಹೊಸ ಗುಂಪನ್ನು ಕೂರಿಸಿ, ಅದೇ ಟಿಪ್ಪಣಿಯನ್ನು ಮತ್ತೆ ಮಾಡಿ, ಆಮೇಲೆ ಹೆಸರುಗಳ ಪಟ್ಟಿಯನ್ನು ಜೋಡಿಸಿ. ಕೋಟು ಕೊಟ್ಟ ಅಜ್ಜನನ್ನೂ ಭಾನುವಾರ ಕೋಣೆಯ ಬೀಗ ತೆಗೆದುಕೊಟ್ಟವರನ್ನೂ ಆ ಪಟ್ಟಿಯಲ್ಲಿ ಮರೆಯಬೇಡಿ, ಅವರ ಹೆಸರಿನ ಕಾಗುಣಿತವನ್ನು ಅವರನ್ನೇ ಕೇಳಿ ಬರೆಯಿರಿ.